ಕೆನ್ನೆಯ ಮೇಲಿನ ಕಲೆ

ಆ ಬೀದಿಯಲ್ಲಿ ಎಲ್ಲರಿಗೂ ಅವನು ಒರೆಸಪ್ಪ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜನ್ನು ಫ್ರೇಮಿನ ಅಳತೆಗೆ ತಿಕ್ಕಿ ಕೂರಿಸುವುದು ಅವನ ಕೆಲಸ. ಹರೆಯದಲ್ಲಿ ಆ ಕೋಣೆಯ ಸ್ಟೂಲಿನ ಮೇಲೆ ಕೂತವನು ತಲೆ ನರೆತರೂ ಎದ್ದಿರಲಿಲ್ಲ. ಗಾಜಿನ ಮೇಲೆ ಒಂದು ಮಚ್ಚೆ ಕಂಡರೆ ಸಾಕು, ಅವನ ಕೈ ತುರಿಸುತ್ತಿತ್ತು. ಅಂಗಡಿಯಲ್ಲಾದರೆ ಸರಿ, ಬಸ್ಸಿನಲ್ಲಿ ಪಕ್ಕ ಕೂತವರ ಕನ್ನಡಕ ಮಂಜಾಗಿದ್ದರೂ ಸುಮ್ಮನಿರುವ ಜನವಲ್ಲ. ಒಂದು ನಿಮಿಷ ಕೊಡಿ ಎಂದು ಅವರ ಮೂಗಿನಿಂದಲೇ ತೆಗೆದು, ಜೇಬಿನ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಮೂಗಿಗೇ ಏರಿಸಿಬಿಡುತ್ತಿದ್ದ. ಕೆಲವರು ಥ್ಯಾಂಕ್ಸ್ ಹೇಳುತ್ತಿದ್ದರು, ಕೆಲವರು ಸೀಟು ಬದಲಿಸುತ್ತಿದ್ದರು. ಅವನಿಗೆ ಎರಡೂ ಒಂದೇ.

ಇಂಥ ಮನುಷ್ಯ ತನ್ನ ಮನೆಯ ಲ್ಯಾಪ್‌ಟಾಪಿನ ಪರದೆಗೆ ತಾನೇ ಎಣ್ಣೆ ಬೆರಳು ಒತ್ತುತ್ತಿದ್ದ ಅಂದರೆ ಬೀದಿಯವರು ಯಾರೂ ನಂಬುವುದಿಲ್ಲ. ಆದರೂ ಒತ್ತಿದ್ದು ನಿಜ. ಅದೂ ಒಂದು ಸಲವಲ್ಲ, ನೇಮ ಹಿಡಿದವರ ಹಾಗೆ ಭಾನುವಾರ ಭಾನುವಾರ.

ಅವನಿಗಿದ್ದವಳು ಒಬ್ಬಳೇ ತಂಗಿ. ಅವಳು ಟೈಪಿಂಗ್ ಹೇಳಿಕೊಡುವ ಟೀಚರ್. ಅಣ್ಣನೂ ಮದುವೆಯಾಗಲಿಲ್ಲ, ತಂಗಿಯೂ ಆಗಲಿಲ್ಲ. ಮೊದಲು ಅಪ್ಪನ ಕಾಯಿಲೆ ಅಡ್ಡ ಬಂತು, ಆಮೇಲೆ ಅಮ್ಮನ ಕಾಯಿಲೆ, ಅದಾದ ಮೇಲೆ ಅಭ್ಯಾಸವೇ ಅಡ್ಡ ಬಂತು. ಎರಡು ಕೋಣೆ, ಒಂದು ಅಡಿಗೆಮನೆ, ಅದರೊಳಗೆ ಇಬ್ಬರ ಸಂಸಾರ. ಸಂಸಾರ ಎಂದರೆ ಬೆಳಗಿನಿಂದ ರಾತ್ರಿಯವರೆಗೆ ತಂಗಿ ಬೈಯುವುದು, ಅಣ್ಣ ಹೂಂಗುಟ್ಟುವುದು. ನಲ್ಲಿ ಸರಿಯಾಗಿ ತಿರುಗಿಸಿಲ್ಲ ಎಂದು ಬೈಗುಳ, ಚಪ್ಪಲಿ ಅಡ್ಡ ಬಿಟ್ಟೆ ಎಂದು ಬೈಗುಳ. ಎಲ್ಲಕ್ಕಿಂತ ದೊಡ್ಡ ಬೈಗುಳ ಟವೆಲಿನದು. ಸ್ನಾನ ಮಾಡಿ ಒದ್ದೆ ಟವೆಲನ್ನು ಕುರ್ಚಿಯ ಬೆನ್ನಿಗೆ ಎಸೆಯುವ ಅವನ ಚಾಳಿ ಬಿಡಿಸಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಪ್ರೀತಿ ಗೀತಿ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡಿದವರಲ್ಲ. ಬೈಗುಳ ಇತ್ತು, ಹೂಂ ಇತ್ತು, ಅಷ್ಟರಲ್ಲೇ ಇಬ್ಬರ ಹೊಟ್ಟೆಯೂ ತುಂಬಿತ್ತು.

ಆಮೇಲೆ ಬೇಕರಿಯವನು ಬಂದ. ಬೇರೆ ಊರಿನವನು, ಹೆಂಡತಿ ತೀರಿಕೊಂಡವನು, ಹೊಸ ಒಲೆ ನೋಡಲು ಈ ಊರಿಗೆ ಬಂದು ಕನ್ನಡಕ ಮುರಿದುಕೊಂಡಿದ್ದ. ಒರೆಸಪ್ಪ ಅವನಿಗೆ ಹೊಸ ಗಾಜು ಕೂರಿಸಿ, ಥಳಥಳ ಒರೆಸಿ, ಮೂಗಿಗೆ ಏರಿಸಿದ್ದಕ್ಕೂ, ಅಣ್ಣನ ಊಟದ ಡಬ್ಬಿ ಹಿಡಿದು ತಂಗಿ ಅಂಗಡಿಯ ಬಾಗಿಲಲ್ಲಿ ಕಾಣಿಸಿಕೊಂಡಿದ್ದಕ್ಕೂ ಸರಿಹೋಯಿತು. ಕನ್ನಡಕ ಹಾಕಿಕೊಟ್ಟು ತಂಗಿಯನ್ನು ತೋರಿಸಿಕೊಟ್ಟವನು ತಾನೇ ಎಂದು ಒರೆಸಪ್ಪ ಆಮೇಲೆ ಎಷ್ಟೋ ಸಲ ತನ್ನನ್ನೇ ಶಪಿಸಿಕೊಂಡ. ಬೇಕರಿಯವನು ಬಂದು ಹೆಣ್ಣು ಕೇಳಿದಾಗ ಬೇಡ ಅನ್ನಲು ಕಾರಣವೇ ಇರಲಿಲ್ಲ. ಅವನು ಅಪ್ಪಟ ಒಳ್ಳೆಯವನು. ತಂಗಿ ಅಣ್ಣನ ಮುಖ ನೋಡಿದಳು, ಅಣ್ಣ ಹೂಂ ಅಂದ. ಅವನ ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಅಂದ ಹೂಂ ಇನ್ನೊಂದಿಲ್ಲ.

ಮದುವೆಯಾಗಿ ಹೋಗುವಾಗ ಅವಳು ತನ್ನ ಲ್ಯಾಪ್‌ಟಾಪನ್ನು ಅಣ್ಣನಿಗೆ ಬಿಟ್ಟುಹೋದಳು. ಬೇಕರಿಯ ಹಿಂಭಾಗದಲ್ಲಿ ಅವರದೇ ಒಂದು ಕಂಪ್ಯೂಟರ್ ಇದೆ, ಭಾನುವಾರ ಬೆಳಿಗ್ಗೆ ಮುಖ ನೋಡಿಕೊಂಡು ಮಾತಾಡೋಣ ಅಂದಳು. ಯಾವ ಗುಂಡಿ ಒತ್ತಬೇಕು ಎಂದು ತೋರಿಸಿಕೊಟ್ಟಳು. ಮನೆಯ ಒಂದು ಬೀಗದ ಕೈಯನ್ನು ತನ್ನ ಚೀಲದಲ್ಲೇ ಉಳಿಸಿಕೊಂಡಳು.

ಮನೆ ಬಿಕೋ ಅಂತು. ಒಂಟಿತನ ಎಂದರೆ ಏನೋ ದೊಡ್ಡ ದುಃಖ ಬಂದು ಎದೆ ಹಿಂಡುತ್ತದೆ ಎಂದು ಒರೆಸಪ್ಪ ಅಂದುಕೊಂಡಿದ್ದ. ಅದು ಹಾಗೆ ಬರಲಿಲ್ಲ. ಬೆಳಿಗ್ಗೆ ಕುರ್ಚಿಯ ಮೇಲೆ ಎಸೆದ ಟವೆಲು ಸಂಜೆ ಬಂದರೂ ಅಲ್ಲೇ ಇರುತ್ತಿತ್ತು. ಬಾಗಿಲಲ್ಲಿ ಅಡ್ಡ ಬಿಟ್ಟ ಚಪ್ಪಲಿ ಅಡ್ಡವಾಗಿಯೇ ಇರುತ್ತಿತ್ತು. ನಲ್ಲಿ ತೊಟ್ಟಿಕ್ಕುತ್ತಿದ್ದರೆ ತೊಟ್ಟಿಕ್ಕುತ್ತಲೇ ಇರುತ್ತಿತ್ತು, ಯಾರೂ ಬಾಯಿ ಮಾಡುತ್ತಿರಲಿಲ್ಲ. ಒಮ್ಮೆ ಆ ನಲ್ಲಿಯ ಸದ್ದಿಗೇ ಅವನು ಮರೆತು ಹೂಂ ಅಂದುಬಿಟ್ಟ. ಅಂದ ಮೇಲೆ ಅವಮಾನವಾಗಿ, ಯಾರಾದರೂ ಕೇಳಿಸಿಕೊಂಡರೋ ಎಂದು ಸುತ್ತ ನೋಡಿದ. ಕೇಳಿಸಿಕೊಳ್ಳಲು ಯಾರಿದ್ದರು?

ಉಳಿದದ್ದು ಭಾನುವಾರದ ಮಾತೊಂದೇ. ವಾರವಿಡೀ ಅದಕ್ಕಾಗಿ ಕಾಯುತ್ತಿದ್ದ. ಆದರೆ ಆ ಮಾತು ನೆಟ್ಟಗಾಗುತ್ತಿರಲಿಲ್ಲ. ಮದುವೆಯಾಗಿ ಹೋದ ತಂಗಿ ಪರದೆಯೊಳಗೆ ನೆಂಟರ ಮನೆಗೆ ಬಂದವಳ ಹಾಗೆ ಕೂರುತ್ತಿದ್ದಳು. ಚಹಾ ಆಯ್ತಾ ಎಂದು ಕೇಳುತ್ತಿದ್ದಳು. ಆಯ್ತು, ನಿಂದು ಎಂದು ಇವನು ಕೇಳುತ್ತಿದ್ದ. ಅಲ್ಲಿ ಬಿಸಿಲು ಹೇಗಿದೆ, ಇಲ್ಲಿ ಬಿಸಿಲು ಹೀಗಿದೆ. ಅಷ್ಟಕ್ಕೆ ಬಂಡವಾಳ ಮುಗಿಯುತ್ತಿತ್ತು. ಬೈಯಲು ಅವಳಿಗೆ ಏನೂ ಕಾಣುತ್ತಿರಲಿಲ್ಲ, ಯಾಕೆಂದರೆ ಅವಳು ಫೋನು ಮಾಡುವ ಹೊತ್ತಿಗೆ ಇವನು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಟವೆಲು ಗಿವೆಲು ಮರೆಮಾಡಿ, ಫೋಟೋ ತೆಗೆಸಿಕೊಳ್ಳುವವನ ಹಾಗೆ ಕೂತಿರುತ್ತಿದ್ದ. ಪೆದ್ದು. ಸರಿ ಹಾಗಾದ್ರೆ ಇಡ್ತೀನಿ ಎಂಬ ಮಾತು ವಾರದಿಂದ ವಾರಕ್ಕೆ ಬೇಗ ಬರತೊಡಗಿತು. ಹೀಗೇ ಆದರೆ ವಾರದ್ದು ತಿಂಗಳಿಗೊಮ್ಮೆ ಆಗುತ್ತದೆ, ತಿಂಗಳದ್ದು ಯಾರಾದರೂ ಸತ್ತಾಗ ಮಾತ್ರ ಆಗುತ್ತದೆ ಎಂದು ಒರೆಸಪ್ಪನಿಗೆ ಭಯ ಹುಟ್ಟಿತು. ಆ ಮಾತೂ ನಿಂತರೆ ಈ ಲೋಕದಲ್ಲಿ ತನ್ನಿಂದ ಹೂಂ ಅನ್ನಿಸಿಕೊಳ್ಳುವವರು ಯಾರೂ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಅವನು ಏಳುವುದು ತಡವಾಯಿತು. ಲ್ಯಾಪ್‌ಟಾಪನ್ನು ಅಡಿಗೆಮನೆಯ ಮೇಜಿನ ಮೇಲಿಟ್ಟು, ಬಾಣಲೆಯಲ್ಲಿ ಮೊಟ್ಟೆ ಒಡೆದು ಹಾಕಿದ. ಎಣ್ಣೆ ಸಿಡಿಯಿತು. ಅಷ್ಟರಲ್ಲಿ ತಂಗಿಯ ಮುಖ ಬಂತು. ಅವಳ ಕೆನ್ನೆಯ ಮೇಲೆ ಏನೋ ಅಂಟಿದೆಯಲ್ಲ ಎಂದು ಒರೆಸಪ್ಪನಿಗೆ ಕಾಣಿಸಿತು. ಹೇಳಿದ. ಅವಳು ಒರೆಸಿಕೊಂಡಳು. ಹೋಗಲಿಲ್ಲ ಅಂದ. ಇನ್ನೂ ಜೋರಾಗಿ ಉಜ್ಜಿಕೊಂಡಳು, ಕೆನ್ನೆ ಕೆಂಪಾಯಿತು. ಹೋಗಿಲ್ಲ ಎಂದು ಇವನದು ಅದೇ ರಾಗ. ಕನ್ನಡಿ ನೋಡೋಣವೆಂದು ಅವಳು ಪಕ್ಕಕ್ಕೆ ವಾಲಿದಳು.

"ಈಗ ಮೂಗಿನ ಮೇಲೆ ಬಂತು," ಅಂದ ಒರೆಸಪ್ಪ.

ತಂಗಿ ಮತ್ತೆ ನೆಟ್ಟಗೆ ಕೂತಳು. "ಅಣ್ಣ, ಅದು ನನ್ನ ಮುಖದ ಮೇಲಿಲ್ಲ. ನಿನ್ನ ಸ್ಕ್ರೀನ್ ಮೇಲಿದೆ."

ಜೀವಮಾನವಿಡೀ ಗಾಜು ನೋಡಿದವನು ಮೊದಲ ಸಲ ಗಾಜನ್ನು ಮರೆತು ಅದರಾಚೆಯ ಮುಖ ನೋಡುತ್ತಿದ್ದ. ಅವನಿಗೆ ನಾಚಿಕೆಯಾಯಿತು. ತಂಗಿಗೆ ಮಾತ್ರ ಎಲ್ಲಿತ್ತೋ ಆ ಹಳೆಯ ಗಂಟಲು, ತಿರುಗಿ ಬಂತು. ಲ್ಯಾಪ್‌ಟಾಪನ್ನು ಒಲೆಯ ಪಕ್ಕ ಇಡುವುದು ಯಾವ ಬುದ್ಧಿವಂತರು ಎಂದು ಶುರುವಾಯಿತು. ಮೊದಲು ಆಫ್ ಮಾಡು, ವೈರು ಕೀಳು, ಬಿಸಿ ಆರಲು ಬಿಡು. ಪರದೆ ಕಪ್ಪಾದಾಗಲೇ ಕೊಳೆ ಎಲ್ಲಿದೆ ಎಂದು ಕಾಣುವುದು. ಪೇಪರಿನಲ್ಲಿ ಒರೆಸಬೇಡ, ಗೀರಾಗುತ್ತೆ. ಕಿಟಕಿ ಗಾಜಿಗೆ ಹೊಡೆಯುವ ನೀಲಿ ನೀರು ಹತ್ತಿರವೂ ಸುಳಿಯಬಾರದು. ನೀರನ್ನು ಪರದೆಗೆ ಹನಿಸಬೇಡ, ಬಟ್ಟೆಗೆ ಹನಿಸಿ, ಒಂದು ತೊಟ್ಟೂ ಬೀಳದ ಹಾಗೆ ಹಿಂಡಿ, ಪಾತ್ರೆ ತಿಕ್ಕುವವನ ಹಾಗೆ ಅಲ್ಲ, ಮಗುವಿನ ಹಣೆ ಒರೆಸುವ ಹಾಗೆ ಒರೆಸು. ನನ್ನ ಕ್ಲಾಸಿನಲ್ಲಿ ಕೈ ತೊಳೆಯದೆ ಕೀ ಮುಟ್ಟಿದವರ ಗತಿ ಏನಾಗ್ತಿತ್ತು ಗೊತ್ತಾ ಎಂದೂ ಕೇಳಿದಳು. ಒರೆಸಪ್ಪನಿಗೆ ಇದರಲ್ಲಿ ಒಂದೂ ಹೊಸದಲ್ಲ. ಸ್ಪಿರಿಟ್ಟು ಹಾಕಿ ಉಜ್ಜಿ, ಗಾಜಿನ ಲೇಪ ಎದ್ದುಹೋದ ಕನ್ನಡಕಗಳನ್ನು ದಿನಾ ನೋಡುವವನು. ಆದರೂ ಏನೂ ಅರಿಯದವನ ಹಾಗೆ, ಯಾವ ಬಟ್ಟೆ ಎಂದು ಕೇಳಿದ. ತೊಳೆದು ತೊಳೆದು ಮೆತ್ತಗಾದ ಹತ್ತಿ ಬಟ್ಟೆ ಎಂದು ಅವಳು ಹೇಳಿದಳು. ಎಂಥಾ ನೀರು ಎಂದು ಕೇಳಿದ. ಕುದಿಸಿ ಆರಿಸಿದ್ದು ಎಂದು ಹೇಳಿದಳು. ಈಗಲೇ ಆಫ್ ಮಾಡಿ ಒರೆಸು ಎಂದಾಗ ಮಾತ್ರ ಅವನು ಒಪ್ಪಲಿಲ್ಲ. ಆಫ್ ಮಾಡಿದರೆ ಅವಳೇ ಹೋಗುತ್ತಾಳಲ್ಲ. ಮೊಟ್ಟೆ ಸೀದು ಹೋಯಿತು. ಅದಕ್ಕೂ ಒಂದಿಷ್ಟು ಬೈಗುಳ ಬಿತ್ತು. ಅಂತೂ ಬಿಸಿಲು ಕಿಟಕಿಯಿಂದ ಇಳಿದು ಗೋಡೆಗೆ ಬರುವವರೆಗೆ ಮಾತು ನಡೆಯಿತು.

ಆಮೇಲೆ ಅವನು ಒರೆಸಿದ. ಅಂಗಡಿಯಲ್ಲಿ ಪ್ರತಿ ಕನ್ನಡಕದ ಜೊತೆ ಪುಕ್ಕಟೆ ಕೊಡುವ ಮೆತ್ತನೆಯ ಬಟ್ಟೆ ಅವನ ಎಲ್ಲಾ ಜೇಬಿನಲ್ಲೂ ಇರುತ್ತಿತ್ತು. ಒಂದನ್ನು ಕೆಟಲಿನ ತಣ್ಣನೆಯ ನೀರಿನಲ್ಲಿ ಅದ್ದಿ ಹಿಂಡಿದ, ಇನ್ನೊಂದನ್ನು ಒಣಗಿದ್ದನ್ನೇ ಇಟ್ಟುಕೊಂಡ. ಮೇಲಿನಿಂದ ಕೆಳಗೆ, ಒತ್ತದೆ, ಉಸಿರು ಬಿಗಿಹಿಡಿದು. ಎಣ್ಣೆಯ ಮಚ್ಚೆ ಮೊದಲು ಹರಡಿತು, ಎರಡನೇ ಸಲಕ್ಕೆ ತೆಳುವಾಯಿತು, ಒಣ ಬಟ್ಟೆಗೆ ಪೂರ್ತಿ ಹೋಯಿತು. ಖರ್ಚು ಎಂದರೆ ಒಂದು ಚಮಚ ನೀರು. ಕಪ್ಪು ಪರದೆಯಲ್ಲಿ ತನ್ನ ಮುಖ ಕಂಡಿತು. ಮುಖ ನಗುತ್ತಿತ್ತು, ಅದು ಅವನಿಗೇ ಆಶ್ಚರ್ಯ.

ಮುಂದಿನ ಭಾನುವಾರ ಪರದೆ ಸ್ವಚ್ಛವಾಗಿತ್ತು. ಚಹಾ ಆಯ್ತಾ, ಬಿಸಿಲು ಹೇಗಿದೆ, ಸರಿ ಇಡ್ತೀನಿ. ಮಾತು ಮುಗಿಯಿತು.

ಅದರ ಮುಂದಿನ ಭಾನುವಾರ ಅವನು ಚಿಕ್ಕ ಬಟ್ಟಲಿನಲ್ಲಿ ನಾಲ್ಕು ಹನಿ ಎಣ್ಣೆ ತೆಗೆದುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತ. ಮಚ್ಚೆ ಇದೆ ಎಂದು ಬಾಯಲ್ಲಿ ಹೇಳಿದ್ದರೆ ಸಾಕಾಗುತ್ತಿತ್ತು, ಅಲ್ಲಿಂದ ಅವಳಿಗೆ ಕಾಣುತ್ತದೆಯೇ? ಆದರೆ ಸುಳ್ಳು ಹೇಳಿದರೆ ತಂಗಿ ಮುಖ ನೋಡಿಯೇ ಹಿಡಿಯುತ್ತಾಳೆ ಎಂದು ಅವನ ನಂಬಿಕೆ. ಮಚ್ಚೆ ನಿಜವಾದರೆ ಮಾತೂ ನಿಜವಾಗುತ್ತದೆ ಎಂಬುದು ಅವನ ಲೆಕ್ಕ. ಬೆರಳು ಅದ್ದಿದ. ಪರದೆಯ ಹತ್ತಿರ ಒಯ್ದ. ಕೈ ಹಿಂದೆ ಬಂತು. ಗಾಜಿಗೆ ಬೆರಳು ತಾಗಿಸುವವರನ್ನು ಕಂಡರೆ ಮೈಯೆಲ್ಲಾ ಉರಿಯುವ ಮನುಷ್ಯ ಅವನು. ಕಣ್ಣು ಮುಚ್ಚಿ ಒತ್ತಿದ. ಆ ಭಾನುವಾರ ಒಳ್ಳೆ ಬೈಗುಳ ಸಿಕ್ಕಿತು.

ಅಲ್ಲಿಂದ ಅದೇ ಅವನಿಗೆ ಧ್ಯಾನವಾಯಿತು. ಅಂಗಡಿಯಲ್ಲಿ ಗಾಜು ತಿಕ್ಕುತ್ತಾ, ಮುಂದಿನ ಭಾನುವಾರಕ್ಕೆ ಯಾವ ತಪ್ಪು ಮಾಡುವುದು ಎಂದು ಯೋಚಿಸುತ್ತಿದ್ದ. ಒಮ್ಮೆ ಪರದೆಯ ಅಂಚಿಗೆ ಪೇಪರು ತಾಗಿಸಿ, ಪೇಪರಿನಲ್ಲಿ ಒರೆಸಿದೆ ಎಂದು ಹೇಳಿದ. ತಂಗಿ ತಲೆ ಚಚ್ಚಿಕೊಂಡಳು. ಒಮ್ಮೆ ಪರದೆಯ ಮುಂದೆ ಬೇಕೆಂದೇ ಸೀನಿದ. ಮಾತು ಮುಗಿದ ಕೂಡಲೇ ಒಂದು ಕಣವೂ ಉಳಿಯದ ಹಾಗೆ ಒರೆಸಿಡುತ್ತಿದ್ದ. ವಾರದ ಉಳಿದ ದಿನಗಳಲ್ಲಿ ಆ ಬೀದಿಯಲ್ಲಿ ಅಷ್ಟು ಶುದ್ಧವಾದ ಗಾಜು ಇನ್ನೊಂದು ಇರಲಿಲ್ಲ. ಬಟ್ಟಲು ಮಾತ್ರ ಲ್ಯಾಪ್‌ಟಾಪಿನ ಹಿಂದೆಯೇ ಖಾಯಂ ಆಯಿತು.

ಆಸೆಗೆ ಮಿತಿ ಬೇಕಿತ್ತು. ಒಂದು ಭಾನುವಾರ ಅವನು ಪರದೆಯ ಮೂಲೆಗೆ ಕಡಲೆಯಷ್ಟು ಟೂತ್‌ಪೇಸ್ಟು ಹಚ್ಚಿ, ಉಜ್ಜದೆ, ಕೂಡಲೇ ಒದ್ದೆ ಬಟ್ಟೆಯಲ್ಲಿ ತೆಗೆದ. ಆಮೇಲೆ ತಂಗಿಗೆ, ಟೂತ್‌ಪೇಸ್ಟು ಹಚ್ಚಿದೆ ಅಂದ. ಹಚ್ಚಿದ್ದು ನಿಜ ತಾನೆ? ದೊಡ್ಡ ಬೈಗುಳಕ್ಕೆ ಸಿದ್ಧನಾಗಿ, ಕುರ್ಚಿಯಲ್ಲಿ ಸರಿಯಾಗಿ ಕೂತ. ತಂಗಿ ಬೈಯಲಿಲ್ಲ. ಅವನನ್ನೇ ನೋಡಿದಳು. ಕಣ್ಣು ಹೇಗಿದೆ ಎಂದು ಮೆಲ್ಲಗೆ ಕೇಳಿದಳು. ದಿನಾ ಅಂಗಡಿಗೆ ಹೋಗ್ತಿದ್ದೀಯಾ ಎಂದು ಕೇಳಿದಳು. ಈಗ ಯಾವ ತಿಂಗಳು ಹೇಳು ಎಂದೂ ಕೇಳಿದಳು. ಅವನು ತಿಂಗಳು ಹೇಳಿದ. ಅವಳು ತಲೆಯಾಡಿಸಿ, ಚಿಕ್ಕ ಮಕ್ಕಳ ಜೊತೆ ಮಾತಾಡುವ ದನಿಯಲ್ಲಿ, ಊಟ ಸರಿಯಾಗಿ ಮಾಡು ಎಂದು ಹೇಳಿ ಬೇಗ ಇಟ್ಟಳು.

ಬುಧವಾರ ಸಂಜೆ ಅಂಗಡಿಯಿಂದ ಬಂದಾಗ ಮನೆಯಲ್ಲಿ ದೀಪ ಉರಿಯುತ್ತಿತ್ತು. ಹೊಸಿಲ ಆಚೆ ತಂಗಿಯ ಚಪ್ಪಲಿ, ಅಚ್ಚುಕಟ್ಟಾಗಿ ಗೋಡೆಗೆ ಒತ್ತಿಕೊಂಡು. ಒರೆಸಪ್ಪನ ಎದೆ ಹಿಗ್ಗಿತು. ಒಳಗೆ ಕಾಲಿಟ್ಟ ಮೇಲೆ ಹಿಗ್ಗಿದ್ದು ಹಾಗೇ ಇಳಿಯಿತು. ಅವಳು ಮೇಜಿನ ಮುಂದೆ ಕೂತಿದ್ದಳು. ಲ್ಯಾಪ್‌ಟಾಪ್ ತೆರೆದಿತ್ತು. ಕಪ್ಪು ಪರದೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅದರಲ್ಲಿ ಅವಳ ಮುಖ ಮೂಡಿತ್ತು. ಪಕ್ಕದಲ್ಲಿ ಎಣ್ಣೆಯ ಬಟ್ಟಲು.

"ನಿನಗೆ ಬುದ್ಧಿ ಮಂಕಾಗಿದೆ ಅಂದ್ಕೊಂಡೆ," ಅಂದಳು ತಂಗಿ. "ಬೇಕರಿ ಮೇಲಿನ ರೂಮು ಖಾಲಿ ಮಾಡಿಸಿ, ನಿನ್ನ ಕರ್ಕೊಂಡು ಹೋಗೋಣ ಅಂತ ಬಂದೆ."

ಅವಳು ಬಟ್ಟಲನ್ನು ಅವನ ಮುಂದಕ್ಕೆ ಸರಿಸಿದಳು.

"ಈ ಬಟ್ಟಲಲ್ಲಿ ಎಣ್ಣೆ ಯಾಕೆ?"

"ಬಾಗಿಲು ಕಿರ್ ಅನ್ನತ್ತೆ, ಅದಕ್ಕೆ."

ಅವಳು ಎದ್ದು ಹೋಗಿ ಬಾಗಿಲನ್ನು ಒಮ್ಮೆ ತೆರೆದಳು, ಒಮ್ಮೆ ಮುಚ್ಚಿದಳು. ಬಾಗಿಲು ಒಂದಿಷ್ಟೂ ಸದ್ದು ಮಾಡಲಿಲ್ಲ. ಒರೆಸಪ್ಪ ಆ ಬಾಗಿಲನ್ನು ಜನ್ಮದಲ್ಲಿ ಕ್ಷಮಿಸಲಾರ. ಈಗ ಬೈಯುತ್ತಾಳೆ, ಬೈದುಬಿಡಲಿ ಎಂದು ಕಾದ. ಅವಳು ಬೈಯಲಿಲ್ಲ. ತಂದಿದ್ದ ಬ್ರೆಡ್ಡು ಕತ್ತರಿಸಿ ಇಬ್ಬರಿಗೂ ಹಾಕಿದಳು. ಬೇಕರಿಯಲ್ಲಿ ಬೆಳಗಾಗುವ ಮೊದಲೇ ಒಲೆ ಹಚ್ಚಬೇಕು, ರಾತ್ರಿಯ ಬಸ್ಸಿಗೇ ಹೊರಡುತ್ತೇನೆ ಅಂದಳು. ಎದ್ದಾಗ ಅವಳ ಕೈ ಅಭ್ಯಾಸದಿಂದ ಕುರ್ಚಿಯ ಬೆನ್ನಿನ ಟವೆಲಿಗೆ ಹೋಯಿತು. ತೆಗೆದಳು, ಮಡಚಲು ಹೊರಟಳು. ಏನನ್ನಿಸಿತೋ, ಇದ್ದ ಹಾಗೆಯೇ ಮತ್ತೆ ಕುರ್ಚಿಯ ಮೇಲೆ ಬಿಟ್ಟಳು. ಒರೆಸಪ್ಪನಿಗೆ ಆಗ ಆದಷ್ಟು ನೋವು ಅವಳು ಮದುವೆಯಾಗಿ ಹೊರಟ ದಿನವೂ ಆಗಿರಲಿಲ್ಲ.

ಬಸ್ ನಿಲ್ದಾಣದ ಬೆಂಚಿನ ಮೇಲೆ ಇಬ್ಬರೂ ಪಕ್ಕಪಕ್ಕ ಕೂತರು. ಬಸ್ಸಿನ ದೀಪ ದೂರದಲ್ಲಿ ಕಂಡಾಗ ಅವಳೇ ಮಾತಾಡಿದಳು, ಅವನ ಕಡೆ ತಿರುಗದೆ.

"ಅವರು ತುಂಬಾ ಒಳ್ಳೆಯವರು ಅಣ್ಣ. ಚಪ್ಪಲಿ ನೆಟ್ಟಗೆ ಬಿಡ್ತಾರೆ, ಟವೆಲು ಒಣಗಿ ಹಾಕ್ತಾರೆ. ಬೈಯೋಕೆ ಅಂತ ಹುಡುಕಿದ್ರೂ ಒಂದು ತಪ್ಪು ಸಿಗಲ್ಲ."

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಕಿಟಕಿಯ ಗಾಜು ಧೂಳು ಹಿಡಿದಿತ್ತು, ಅವಳ ಮುಖ ಸರಿಯಾಗಿ ಕಾಣಲಿಲ್ಲ. ಒರೆಸಪ್ಪ ಜೇಬಿಗೆ ಕೈ ಹಾಕಿ ಬಟ್ಟೆ ತೆಗೆಯುವಷ್ಟರಲ್ಲಿ ಬಸ್ಸು ಹೊರಟಿತು.

ಮನೆಗೆ ಬಂದವನೇ ಎಣ್ಣೆ ಚೆಲ್ಲಿ, ಬಟ್ಟಲು ತೊಳೆದು, ಕಪಾಟಿನಲ್ಲಿ ಹಿಂದಕ್ಕೆ ತಳ್ಳಿದ. ತಂಗಿಯನ್ನು ಆಟ ಆಡಿಸಿದೆ, ಕೆಲಸ ಬಿಟ್ಟು ಅಷ್ಟು ದೂರ ಓಡಿ ಬರುವ ಹಾಗೆ ಹೆದರಿಸಿದೆ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಗಿತ್ತು. ಇನ್ನು ಅವಳು ಫೋನು ಮಾಡಿದರೂ ಮರ್ಯಾದೆಗೆ ಮಾಡುತ್ತಾಳೆ, ಆಮೇಲೆ ಅದೂ ಇಲ್ಲ. ಭಾನುವಾರ ಬೆಳಿಗ್ಗೆ ಪರದೆಯನ್ನು ಇನ್ನೊಮ್ಮೆ ಒರೆಸಿದ. ಒರೆಸಲು ಏನೂ ಇರಲಿಲ್ಲ, ಆದರೂ ಒರೆಸಿದ. ಅಂಗಿ ಇಸ್ತ್ರಿ ಮಾಡುವ ಮನಸ್ಸಾಗಲಿಲ್ಲ. ಯಾವುದನ್ನೂ ಮರೆಮಾಡಲಿಲ್ಲ. ಹಾಗೆಯೇ ಕೂತು ಕಾದ. ಪ್ರತಿ ವಾರ ಬರುವ ಹೊತ್ತಿಗೆ ಕರೆ ಬರಲಿಲ್ಲ. ಅಡಿಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಮುಗಿಯಿತು ಅಂದುಕೊಂಡು ಲ್ಯಾಪ್‌ಟಾಪ್ ಮುಚ್ಚಲು ಕೈ ಎತ್ತಿದಾಗ ಕರೆಯ ಗಂಟೆ ಹೊಡೆಯಿತು.

ತಂಗಿಯ ಮುಖ ನಿಚ್ಚಳವಾಗಿ ಬಂತು. ಕಿವಿಯ ಹತ್ತಿರ ನರೆತ ಕೂದಲು, ಹುಬ್ಬಿಗೆ ಅಂಟಿದ ಹಿಟ್ಟು, ಎಲ್ಲಾ ಕಂಡಿತು. ಚಹಾ ಆಯ್ತಾ ಎಂದು ಕೇಳಿದಳು. ಆಯ್ತು ಅಂದ. ನಿಂದು ಎಂದು ಕೇಳಿದ. ಅವಳದೂ ಆಗಿತ್ತು. ಸರಿ ಇಡ್ತೀನಿ ಎಂಬ ಮಾತಿಗೆ ಅವನು ಮನಸ್ಸು ಗಟ್ಟಿ ಮಾಡಿಕೊಂಡ.

"ಅಣ್ಣ, ನಿನ್ನ ಕೆನ್ನೆ ಮೇಲೆ ಏನೋ ಇದೆ," ಅಂದಳು ತಂಗಿ.

ಅವನು ಕೆನ್ನೆ ಒರೆಸಿಕೊಂಡ.

"ಹೋಗಿಲ್ಲ."

ಇನ್ನೊಮ್ಮೆ ಒರೆಸಿಕೊಂಡ. ಬೆರಳು ನೋಡಿಕೊಂಡ, ಬೆರಳಲ್ಲಿ ಏನೂ ಇರಲಿಲ್ಲ.

"ಸ್ವಲ್ಪ ಆ ಕಡೆ ವಾಲು," ಅಂದಳು. ಅವನು ವಾಲಿದ. "ಹಾಂ, ಈಗ ಮೂಗಿನ ಮೇಲೆ ಬಂತು."

ಒರೆಸಪ್ಪ ವಾಲಿದವನು ವಾಲಿಯೇ ಇದ್ದ. ಪರದೆಯಾಚೆ ತಂಗಿ ತನ್ನ ತೋರುಬೆರಳನ್ನು ಅಂಗಿಯ ಅಂಚಿಗೆ ಒರೆಸಿಕೊಳ್ಳುತ್ತಿದ್ದಳು. ಬೆರಳಿಗೆ ಬೆಣ್ಣೆ ಹತ್ತಿತ್ತು.

"ಇದನ್ನ ಹೇಗೆ ಒರೆಸೋದು?" ಎಂದು ಕೇಳಿದಳು, ಹುಟ್ಟಿದಾಗಿನಿಂದ ಗಾಜೇ ನೋಡದವಳ ಹಾಗೆ.

"ಮೊದಲು ಆಫ್ ಮಾಡ್ಬೇಕು."

"ಅದೊಂದು ಬಿಟ್ಟು ಮಿಕ್ಕಿದ್ದೆಲ್ಲಾ ಹೇಳು."

ಒರೆಸಪ್ಪ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಗಂಟಲು ಸರಿಮಾಡಿಕೊಂಡು, ತನಗೆ ಗೊತ್ತಿದ್ದುದನ್ನು ಬುಡದಿಂದ ಹೇಳಲು ಶುರುಮಾಡಿದ. ಮೊದಲು ಬಟ್ಟೆ. ಬಟ್ಟೆ ಮೆತ್ತಗಿರಬೇಕು, ಹೊಸದಾಗಿರಬಾರದು, ಸೋಪಿನ ಅಂಟು ಇರಬಾರದು. ಅಷ್ಟು ಹೇಳುವಷ್ಟರಲ್ಲಿ ತಂಗಿ ಅವನ ಹೆಗಲಾಚೆ ಏನನ್ನೋ ನೋಡಿ ಮುಖ ಗಂಟು ಹಾಕಿಕೊಂಡಳು.

"ಬಟ್ಟೆ ವಿಷಯ ಆಮೇಲೆ. ಆ ಟವೆಲು ಯಾಕೆ ಇನ್ನೂ ಕುರ್ಚಿ ಮೇಲೇ ಬಿದ್ದಿದೆ?"

"ಹೂಂ," ಅಂದ ಒರೆಸಪ್ಪ.